ಸಣ್ಣ ಅಭ್ಯಾಸಗಳು: ನಂಬಿಕೊಂಡಿದ್ದೇನು, ನಿಜವೇನು

ಯುಗಾದಿಗೋ ಜನವರಿ ಒಂದಕ್ಕೋ ಶುರುವಾದ ವಾಕಿಂಗ್ ಮೂರನೇ ವಾರಕ್ಕೆ ನಿಂತುಹೋಗುತ್ತದೆ. ನಿಂತಾಗ ಹೆಚ್ಚಿನವರು ಬೈದುಕೊಳ್ಳುವುದು ತಮ್ಮನ್ನೇ: ‘ನನಗೆ ಶಿಸ್ತಿಲ್ಲ’, ‘ನನ್ನ ಕೈಲಿ ಇದೆಲ್ಲ ಆಗೋದಲ್ಲ’. ಈ ಬೈಗುಳ ಅನ್ಯಾಯದ್ದು. ಅಭ್ಯಾಸ ಹೇಗೆ ಬೇರೂರುತ್ತದೆ ಎಂಬ ಬಗ್ಗೆ ನಮಗೆ ಸಿಕ್ಕಿರುವ ತಿಳಿವಳಿಕೆಯಲ್ಲೇ ತಪ್ಪುಗಳಿವೆ. ಆ ತಪ್ಪುಗಳಿಂದಾಗಿ ಒಳ್ಳೆಯ ಪ್ರಯತ್ನಗಳು ಅರ್ಧಕ್ಕೇ ನಿಲ್ಲುತ್ತಿವೆ. ಆದ್ದರಿಂದ ಅವನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ: 21 ದಿನ ಬಿಡದೆ ಮಾಡಿದರೆ ಯಾವ ಅಭ್ಯಾಸವಾದರೂ ಅಂಟಿಕೊಳ್ಳುತ್ತದೆ

ವಾಸ್ತವ: ಈ ಲೆಕ್ಕದ ಮೂಲ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಜ್. ಶಸ್ತ್ರಚಿಕಿತ್ಸೆಯಾದ ರೋಗಿಗಳು ಕನ್ನಡಿಯಲ್ಲಿ ಕಾಣುವ ತಮ್ಮ ಹೊಸ ಮುಖಕ್ಕೆ ಒಗ್ಗಿಕೊಳ್ಳಲು ಕಡಿಮೆಯೆಂದರೂ ಸುಮಾರು 21 ದಿನ ಬೇಕಾಗುತ್ತದೆ ಎಂದು ಅವರು ಗಮನಿಸಿದ್ದರು. 1960ರ ‘ಸೈಕೋ-ಸೈಬರ್ನೆಟಿಕ್ಸ್’ ಪುಸ್ತಕದಲ್ಲಿ ಅದನ್ನು ಬರೆದರು. ಬಾಯಿಂದ ಬಾಯಿಗೆ ಹೋಗುತ್ತಾ ‘ಕಡಿಮೆಯೆಂದರೂ’ ಎನ್ನುವುದು ಬಿಟ್ಟುಹೋಯಿತು, ‘ಮುಖ’ವೂ ಬಿಟ್ಟುಹೋಯಿತು. ಬರೀ 21 ಉಳಿಯಿತು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು ಇದನ್ನು ನಿಜಕ್ಕೂ ಅಳೆದು ನೋಡಿದರು. 96 ಜನ ತಮಗಿಷ್ಟವಾದ ಒಂದೊಂದು ಸಣ್ಣ ಕೆಲಸ ಆರಿಸಿಕೊಂಡು, ದಿನದ ಒಂದೇ ಸಂದರ್ಭಕ್ಕೆ ಅದನ್ನು ಕಟ್ಟಿಕೊಂಡು, 12 ವಾರ ಮಾಡಿದರು: ತಿಂಡಿಯಾದ ಮೇಲೆ ಒಂದು ಲೋಟ ನೀರು, ಮಧ್ಯಾಹ್ನದ ಊಟದ ಜೊತೆ ಒಂದು ಹಣ್ಣು, ಹೀಗೆ. ಯೋಚಿಸದೆ ತಾನಾಗಿ ಆಗುವ ಹಂತಕ್ಕೆ ಬರಲು ಹಿಡಿದ ಕಾಲ ಸುಮಾರು 66 ದಿನ. ಅದೂ ಮಧ್ಯದ ಲೆಕ್ಕ ಮಾತ್ರ. ಒಬ್ಬರಿಗೆ 18 ದಿನ ಸಾಕಾದರೆ, ಇನ್ನೊಬ್ಬರಿಗೆ 254 ದಿನ ಬೇಕಾಗಬಹುದು ಎಂದು ಅವರ ಅಂದಾಜು ಹೇಳಿತು. ನೀರು ಕುಡಿಯುವಂಥ ಸರಳ ಕೆಲಸ ಬೇಗ ಕೂತಿತು, ವ್ಯಾಯಾಮ ತಡವಾಗಿ. 22ನೇ ದಿನವೂ ಹಾಸಿಗೆ ಬಿಟ್ಟು ಏಳಲು ಕಷ್ಟವಾಗುತ್ತಿದೆಯೆಂದರೆ ನಿಮ್ಮಲ್ಲಿ ಕೊರತೆಯೇನೂ ಇಲ್ಲ. ಬಹಳ ಜನರಿಗೆ ಹಾಗೇ ಆಗುತ್ತದೆ. ಸುಮ್ಮನೆ ಮುಂದುವರಿಸಿ.

ತಪ್ಪು ಕಲ್ಪನೆ: ಒಂದು ದಿನ ತಪ್ಪಿದರೆ ಎಲ್ಲವೂ ಹಾಳು

ವಾಸ್ತವ: ಇದು ವ್ರತದ ನಿಯಮ. ವ್ರತ ಭಂಗವಾದರೆ ಮೊದಲಿನಿಂದ ಹಿಡಿಯಬೇಕೆಂಬ ನಂಬಿಕೆಯನ್ನು ನಾವು ಗೊತ್ತಿಲ್ಲದೆಯೇ ವಾಕಿಂಗಿಗೂ ಓದಿಗೂ ತಂದುಕೊಂಡಿದ್ದೇವೆ. ಲಂಡನ್ನಿನ ಅದೇ ಅಧ್ಯಯನದಲ್ಲಿ, ನಡುವೆ ಒಂದು ದಿನ ಬಿಟ್ಟವರಿಗೂ ಅಭ್ಯಾಸ ಬೇರೂರುವುದಕ್ಕೆ ಹೇಳಿಕೊಳ್ಳುವಂಥ ಅಡ್ಡಿಯಾಗಲಿಲ್ಲ. ನಮ್ಮಲ್ಲಂತೂ ಮದುವೆ, ಜಾತ್ರೆ, ನೆಂಟರು, ಮಳೆ ಯಾವುದಕ್ಕೂ ಕೊರತೆಯಿಲ್ಲ. ತಪ್ಪಿದ ದಿನವನ್ನು ಬಿಟ್ಟುಬಿಡಿ, ಮಾರನೆಯ ದಿನ ಅದೇ ಹೊತ್ತಿಗೆ ಅದೇ ಕೆಲಸಕ್ಕೆ ಬನ್ನಿ. ತಪ್ಪಿದ್ದಕ್ಕೆ ದಂಡವಾಗಿ ಎರಡರಷ್ಟು ಮಾಡಲು ಹೋಗಬೇಡಿ.

ತಪ್ಪು ಕಲ್ಪನೆ: ಮನಸ್ಸು ಗಟ್ಟಿಯಿದ್ದರೆ ಯಾವ ಅಭ್ಯಾಸವೂ ಸಾಧ್ಯ

ವಾಸ್ತವ: ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡಿರುವ ನಂಬಿಕೆ ಇದೇ ಎಂದು ನನಗೆ ಅನ್ನಿಸುತ್ತದೆ. ಇದು ಸೋಲನ್ನು ನೇರವಾಗಿ ಮನುಷ್ಯನ ಗುಣಕ್ಕೆ ಅಂಟಿಸಿಬಿಡುತ್ತದೆ.

ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ವೆಂಡಿ ವುಡ್ ಮತ್ತು ಸಹೋದ್ಯೋಗಿಗಳು 2011ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವಿದೆ. ಸಿನಿಮಾ ನೋಡಲು ಬಂದವರಲ್ಲಿ ಕೆಲವರಿಗೆ ಆಗತಾನೇ ಹುರಿದ ಪಾಪ್‌ಕಾರ್ನ್ ಕೊಟ್ಟರು, ಕೆಲವರಿಗೆ ಏಳು ದಿನ ಹಳೆಯದು. ಹಳೆಯದು ಮೆತ್ತಗಾಗಿತ್ತು, ರುಚಿ ಕೆಟ್ಟಿತ್ತು; ತಿಂದವರೂ ಹಾಗೇ ಹೇಳಿದರು. ಆದರೂ ಸಿನಿಮಾ ಮಂದಿರದಲ್ಲಿ ಪಾಪ್‌ಕಾರ್ನ್ ತಿನ್ನುವ ರೂಢಿ ಬಲವಾಗಿದ್ದವರು ಹಳೆಯದನ್ನೂ ಹೊಸದರಷ್ಟೇ ತಿಂದರು. ಅಂಥವರನ್ನೇ ಸಭಾಕೊಠಡಿಯಲ್ಲಿ ಕೂರಿಸಿ ವಿಡಿಯೊ ತೋರಿಸಿದಾಗ ಹಳೆಯದನ್ನು ಮುಟ್ಟಿದ್ದು ಕಡಿಮೆ. ಸಿನಿಮಾ ಮಂದಿರದಲ್ಲೇ ಎಡಗೈ ರೂಢಿಯಿಲ್ಲದವರಿಗೆ ಎಡಗೈಯಲ್ಲಿ ತಿನ್ನಿ ಎಂದಾಗಲೂ ಹಾಗೇ. ಅವರ ಇಚ್ಛಾಶಕ್ತಿ ಬದಲಾಗಿರಲಿಲ್ಲ. ಜಾಗವೋ ಕೈಯೋ ಬದಲಾಗಿತ್ತು, ಅಷ್ಟೇ.

ನಮ್ಮ ಮನೆಗಳಲ್ಲೂ ನಡೆಯುವುದು ಇದೇ. ಟೀವಿ ಎದುರು ಕೋಡುಬಳೆ ಡಬ್ಬಿ ತೆರೆದಿಟ್ಟು, ಮ್ಯಾಚ್ ಮುಗಿಯುವವರೆಗೂ ಮನಸ್ಸು ಬಿಗಿಹಿಡಿಯುತ್ತೇನೆಂದರೆ ಕೈ ತಾನಾಗಿ ಹೋಗುತ್ತದೆ. ಡಬ್ಬಿಯನ್ನು ಅಟ್ಟದ ಮೇಲಿಟ್ಟರೆ ಅರ್ಧ ಕೆಲಸ ಮುಗಿದ ಹಾಗೆ. ರಾತ್ರಿ ಮಲಗಿ ಮೊಬೈಲ್ ನೋಡುವುದನ್ನು ಬಿಡಬೇಕೆಂದವರು ಚಾರ್ಜರನ್ನು ಹಜಾರಕ್ಕೆ ಸಾಗಿಸಲಿ, ಅಲಾರಾಂಗೆ ಬೇರೆ ಗಡಿಯಾರ ಇಟ್ಟುಕೊಳ್ಳಲಿ. ಸಂಯಮಿಗಳು ಎಂದು ನಾವು ಮೆಚ್ಚುವ ಜನ ದಿನವಿಡೀ ಆಸೆಯೊಡನೆ ಹೋರಾಡುತ್ತಿರುತ್ತಾರೆ ಎಂದು ಭಾವಿಸಬೇಡಿ. ಜರ್ಮನಿಯಲ್ಲಿ ಜನರ ದಿನನಿತ್ಯದ ಆಸೆಗಳನ್ನು ದಿನದಲ್ಲಿ ಹಲವು ಸಲ ದಾಖಲಿಸಿದ ಅಧ್ಯಯನದಲ್ಲಿ ಕಂಡದ್ದು ಬೇರೆ: ಸಂಯಮ ಹೆಚ್ಚಿದ್ದವರಿಗೆ ಅಂಥ ಹೋರಾಟದ ಪ್ರಸಂಗ ಬರುವುದೇ ಕಡಿಮೆ.

ಹೊಸ ಅಭ್ಯಾಸ ಹಿಡಿಯಲೂ ಇದೇ ದಾರಿ. ಈಗಾಗಲೇ ತಪ್ಪದೆ ನಡೆಯುವ ಕೆಲಸವೊಂದರ ಬೆನ್ನಿಗೆ ಅದನ್ನು ಕಟ್ಟಿ. ಬೆಳಗಿನ ಕಾಫಿ, ದೇವರ ದೀಪ, ಮಕ್ಕಳನ್ನು ಸ್ಕೂಲ್ ಬಸ್ಸಿಗೆ ಬಿಡುವುದು, ರಾತ್ರಿ ಹಾಲಿಗೆ ಹೆಪ್ಪು ಹಾಕುವುದು, ಇವೆಲ್ಲ ನೆನಪಿಸದೆಯೇ ಆಗುವಂಥವು. ‘ನಾಳೆಯಿಂದ ಪ್ರಾಣಾಯಾಮ ಮಾಡ್ತೀನಿ’ ಎಂಬ ಮಾತು ಮೂರು ದಿನದಲ್ಲಿ ಆರಿಹೋಗುತ್ತದೆ. ‘ದೀಪ ಹಚ್ಚಿದ ಮೇಲೆ ಅಲ್ಲೇ ಐದು ನಿಮಿಷ ಕೂತು ಉಸಿರಾಟ’ ಎನ್ನುವುದಕ್ಕೆ ಹೊತ್ತೂ ಜಾಗವೂ ಸಿಕ್ಕಿದೆ, ಅದು ಉಳಿಯುತ್ತದೆ.

ತಪ್ಪು ಕಲ್ಪನೆ: ಹತ್ತು ಸಾವಿರ ಹೆಜ್ಜೆ ಆಗದಿದ್ದರೆ ನಡೆದದ್ದು ದಂಡ

ವಾಸ್ತವ: ಹತ್ತು ಸಾವಿರ ಎಂಬ ಅಂಕಿ ವೈದ್ಯರ ಕೋಣೆಯಿಂದ ಬಂದದ್ದಲ್ಲ. ಟೋಕಿಯೊ ಒಲಿಂಪಿಕ್ಸ್ ನಡೆದ ಮರುವರ್ಷ, 1965ರಲ್ಲಿ, ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಸಾಧನವನ್ನು ಮಾರುಕಟ್ಟೆಗೆ ಬಿಟ್ಟಾಗ ಆ ಸಂಖ್ಯೆಯನ್ನೇ ಅದರ ಹೆಸರಿನಲ್ಲಿ ಸೇರಿಸಿತು. ಅರವತ್ತು ವರ್ಷದ ನಂತರ ಅದು ನಮ್ಮ ಕೈಗಡಿಯಾರದಲ್ಲಿ ಕೂತಿದೆ. 2019ರಲ್ಲಿ ಸಂಶೋಧಕಿ ಐ-ಮಿನ್ ಲೀ ಅವರ ತಂಡ 16,741 ಮಹಿಳೆಯರ ಹೆಜ್ಜೆಗಳನ್ನು ಎಣಿಸಿತು. ಅವರ ಸರಾಸರಿ ವಯಸ್ಸು 72. ದಿನಕ್ಕೆ ಸುಮಾರು 2,700 ಹೆಜ್ಜೆ ಹಾಕುತ್ತಿದ್ದವರಿಗೆ ಹೋಲಿಸಿದರೆ 4,400 ಹಾಕುತ್ತಿದ್ದವರಲ್ಲಿ ಸಾವಿನ ಪ್ರಮಾಣ ಶೇ 41ರಷ್ಟು ಕಡಿಮೆಯಿತ್ತು. 7,500ರ ಆಚೆಗೆ ಹೆಚ್ಚಿನ ಅನುಕೂಲ ಕಾಣಲಿಲ್ಲ. ಆರೋಗ್ಯ ಚೆನ್ನಾಗಿದ್ದವರೇ ಹೆಚ್ಚು ನಡೆದಿರಬಹುದು ಎಂಬುದನ್ನೂ ಇಲ್ಲಿ ನೆನಪಿಡಬೇಕು. ಆದರೂ ವಯಸ್ಸಾದವರಿಗೆ ಇದರಿಂದ ಧೈರ್ಯ ಬರಬೇಕು. ವಿಶ್ವ ಆರೋಗ್ಯ ಸಂಸ್ಥೆಯೂ 2020ರ ಮಾರ್ಗಸೂಚಿಯಲ್ಲಿ ವ್ಯಾಯಾಮ ಒಂದೇ ಸಲಕ್ಕೆ ಹತ್ತು ನಿಮಿಷವಾದರೂ ಇರಬೇಕೆಂಬ ಹಳೆಯ ಷರತ್ತನ್ನು ಕೈಬಿಟ್ಟಿತು. ಊಟವಾದ ಮೇಲೆ ಬೀದಿಯ ತುದಿಯವರೆಗೆ ಹೋಗಿಬಂದರೂ ಲೆಕ್ಕಕ್ಕೆ ಬರುತ್ತದೆ. ಊಟದ ನಂತರ ಏರುವ ಸಕ್ಕರೆಯೂ ತಗ್ಗುತ್ತದೆ.

ತಪ್ಪು ಕಲ್ಪನೆ: ದಿನಕ್ಕೆ ಎಂಟು ಲೋಟ ನೀರು ಕಡ್ಡಾಯ

ವಾಸ್ತವ: 1945ರಲ್ಲಿ ಅಮೆರಿಕದ ಆಹಾರ ಮಂಡಳಿಯೊಂದು ದಿನಕ್ಕೆ ಎರಡೂವರೆ ಲೀಟರ್ ನೀರು ಬೇಕೆಂದು ಹೇಳಿ, ಅದರ ಬಹುಪಾಲು ಆಹಾರದಲ್ಲೇ ಇರುತ್ತದೆ ಎಂದೂ ಸೇರಿಸಿತ್ತು. ಎರಡನೆಯ ಮಾತನ್ನು ಜನ ಮರೆತರು. ಸಾರು, ಮಜ್ಜಿಗೆ, ಹಣ್ಣು ಎಲ್ಲದರಲ್ಲೂ ನೀರಿದೆ. ಬಿಸಿಲಲ್ಲಿ ದುಡಿಯುವವರಿಗೆ ಹೆಚ್ಚು ಬೇಕು. ಹೃದಯ, ಕಿಡ್ನಿಯ ತೊಂದರೆ ಇರುವವರು ವೈದ್ಯರು ಹೇಳಿದ ಮಿತಿಯನ್ನು ಮೀರಬಾರದು.

ತಪ್ಪು ಕಲ್ಪನೆ: ನಸುಕಿನಲ್ಲೇ ಎದ್ದರೆ ಸಮಯ ಸಿಗುತ್ತದೆ, ‘ಸಮಯವಿಲ್ಲ’ ಎನ್ನುವುದು ನೆಪ

ವಾಸ್ತವ: ಈ ಉಪದೇಶ ಕೇಳಿದಾಗಲೆಲ್ಲ ನನಗೆ ನೆನಪಾಗುವುದು ಐದಕ್ಕೇ ಎದ್ದಿರುವ ಹೆಂಗಸರು. ಡಬ್ಬಿ ಕಟ್ಟಿ, ನೀರು ಹಿಡಿದು, ಗಾರ್ಮೆಂಟ್ಸ್ ಬಸ್ಸಿಗೆ ಓಡುವವರು, ರಾತ್ರಿ ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವವರು. ಅವರ ಸಮಯ ಅವರ ಕೈಯಲ್ಲಿಲ್ಲ. ಅಮೆರಿಕದ ವೇಳೆಗೆ ಕೆಲಸ ಮಾಡಿ ನಡುರಾತ್ರಿ ಕಳೆದು ಮನೆ ಸೇರುವ ಯುವಕನಿಗೂ ನಾಲ್ಕೂವರೆಗೆ ಏಳು ಎನ್ನುವುದು ಕ್ರೌರ್ಯ. ದೊಡ್ಡವರಿಗೆ ಏಳು ಗಂಟೆಯಾದರೂ ನಿದ್ದೆ ಬೇಕು. ಅದನ್ನು ಕದ್ದು ಮಾಡಿದ ಯೋಗದಿಂದ ಹೆಚ್ಚು ಲಾಭವಿಲ್ಲ. ಏಳುವ ಹೊತ್ತು ದಿನವೂ ಹೆಚ್ಚುಕಡಿಮೆ ಒಂದೇ ಇರಲಿ, ಅದು ಯಾವುದೇ ಆಗಿರಲಿ. ಇನ್ನು, ಮನೆಯ ಹೆಂಗಸರ ಆರೋಗ್ಯ ಸುಧಾರಿಸಬೇಕೆಂದರೆ ಮೊದಲು ಬದಲಾಗಬೇಕಾದ್ದು ಉಳಿದವರ ಅಭ್ಯಾಸ. ರಾತ್ರಿಯ ಪಾತ್ರೆಗಳನ್ನು ಗಂಡನೋ ಮಗನೋ ತೊಳೆದರೆ ಆಕೆಗೆ ಅರ್ಧ ಗಂಟೆ ಸಿಗುತ್ತದೆ.

ತಪ್ಪು ಕಲ್ಪನೆ: ಒಳ್ಳೆಯ ಅಭ್ಯಾಸಗಳಿದ್ದರೆ ಖಿನ್ನತೆ ಹತ್ತಿರ ಸುಳಿಯದು

ವಾಸ್ತವ: ಸುಳಿಯುತ್ತದೆ. ಸಣ್ಣ ಸಣ್ಣ ಚಟುವಟಿಕೆಗಳನ್ನು ದಿನಚರಿಗೆ ಮರಳಿ ತರುವುದು ಖಿನ್ನತೆಯ ಚಿಕಿತ್ಸೆಯಲ್ಲೂ ಒಂದು ಭಾಗ ಎನ್ನುವುದು ನಿಜ. ಆದರೆ ಅದು ನುರಿತವರ ಜೊತೆ ನಡೆಯುವ ಕೆಲಸ. ವಾರಗಟ್ಟಲೆ ಯಾವುದರಲ್ಲೂ ಆಸಕ್ತಿ ಇಲ್ಲ, ನಿದ್ದೆ ಊಟ ಕೆಟ್ಟಿದೆ, ಬದುಕೇ ಬೇಡವೆನ್ನಿಸುತ್ತಿದೆ ಎನ್ನುವವರಿಗೆ ‘ವಾಕಿಂಗ್ ಮಾಡು, ಸರಿಹೋಗುತ್ತೆ’ ಎಂದು ಹೇಳಿ ಕಳಿಸಬೇಡಿ. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. ಹಗಲು ರಾತ್ರಿ ಯಾವಾಗ ಕರೆ ಮಾಡಿದರೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಸಂಖ್ಯೆ 14416. ಫೋನಿನಲ್ಲಿ ಇದನ್ನು ಉಳಿಸಿಕೊಳ್ಳಿ, ಮನೆಯವರಿಗೂ ತಿಳಿಸಿ.