ಪಾಠ ಹೇಳುವವರು ಕಲಿಯುವುದೆಲ್ಲಿ?

ವಾಡಿ ಜಂಕ್ಷನ್ ಎಂದರೆ ನೆನಪಾಗುವುದು ಸಿಮೆಂಟು, ಸುಣ್ಣದ ಕಲ್ಲು ಮತ್ತು ರೈಲು ಬದಲಿಸಲು ಕಾದು ಕುಳಿತ ಜನ. ಮುಂಬೈ-ಚೆನ್ನೈ ಮಾರ್ಗದಿಂದ ಕವಲೊಡೆದು ಹೈದರಾಬಾದಿನತ್ತ ಸಾಗುವ ನಿಜಾಮರ ರೈಲು ದಾರಿ 1874ರಲ್ಲಿ ಆರಂಭವಾದದ್ದು ಇಲ್ಲಿಂದಲೇ. ಮೊದಲು ಚಿತ್ತಾಪುರ, ಆಮೇಲೆ ಮಳಖೇಡ ರೋಡ್, ಅದರಾಚೆ ಸೇಡಂ. ಈ ಸಾಲಿನ ಊರುಗಳಿಂದ ಹೊರಡುವ ಪ್ರಯಾಣಿಕರಲ್ಲಿ ಕಳೆದ ಕೆಲವು ದಶಕಗಳಿಂದ ಇನ್ನೊಂದು ಬಗೆಯವರೂ ಸೇರಿದ್ದಾರೆ. ಅವರು ಕಾಲೇಜು ಉಪನ್ಯಾಸಕರು. ಕೈಯಲ್ಲಿ ಪ್ರಾಂಶುಪಾಲರ ಬಿಡುಗಡೆ ಪತ್ರ, ಚೀಲದಲ್ಲಿ ಮೂರು-ನಾಲ್ಕು ವಾರಕ್ಕಾಗುವಷ್ಟು ಬಟ್ಟೆ. ಹೊರಟಿರುವುದು ಹೈದರಾಬಾದಿಗೋ, ಧಾರವಾಡಕ್ಕೋ, ಮೈಸೂರಿಗೋ. ಊರಲ್ಲಿ ಪಾಠ ಹೇಳುವವರು ಅಲ್ಲಿ ಬೆಂಚಿನ ಮೇಲೆ ಕುಳಿತು ಪಾಠ ಕೇಳುತ್ತಾರೆ.

ಇದರ ಅಗತ್ಯವೇನು ಎಂದು ಕೇಳಬಹುದು. ಎಂ.ಎ., ಪಿಎಚ್.ಡಿ. ಮಾಡಿದವರಿಗೆ ಮತ್ತೆಂಥ ಪಾಠ? ವಿಚಿತ್ರವೆಂದರೆ, ಪ್ರೌಢಶಾಲೆಯಲ್ಲಿ ಕಲಿಸಲು ಬಿ.ಇಡಿ. ಕಡ್ಡಾಯ, ಕಾಲೇಜಿನಲ್ಲಿ ಕಲಿಸಲು ಅಂಥದ್ದೇನೂ ಬೇಕಿಲ್ಲ. 1989ರಲ್ಲಿ ಆರಂಭವಾದ ಎನ್‌ಇಟಿ ಪರೀಕ್ಷೆ ಅಭ್ಯರ್ಥಿಗೆ ವಿಷಯ ಗೊತ್ತಿದೆಯೇ ಎಂದು ನೋಡುತ್ತದೆಯೇ ಹೊರತು, ನೂರು ಮಂದಿಯ ಮುಂದೆ ನಿಂತು ಅದನ್ನು ತಿಳಿಯಹೇಳಬಲ್ಲರೇ ಎಂದು ಕೇಳುವುದಿಲ್ಲ. ಹೊಸ ಉಪನ್ಯಾಸಕರು ಮೊದಲ ದಿನ ತಮಗೆ ಪಾಠ ಮಾಡಿದವರನ್ನು ನೆನೆದು, ಅವರು ಮಾಡಿದಂತೆಯೇ ಮಾಡಲು ತೊಡಗುತ್ತಾರೆ. ಒಳ್ಳೆಯ ಗುರು ಸಿಕ್ಕಿದ್ದರೆ ಸರಿ. ಸಿಗದಿದ್ದರೆ ಅದರ ಪರಿಣಾಮ ಮುಂದಿನ ಮೂವತ್ತು ವರ್ಷಗಳ ವಿದ್ಯಾರ್ಥಿಗಳ ಮೇಲೆ.

ಇನ್ನೊಂದು ಕಷ್ಟ ಒಂಟಿತನ. ವಿಶ್ವವಿದ್ಯಾಲಯದ ವಿಭಾಗದಲ್ಲಿ ಒಂದೇ ವಿಷಯದ ಹತ್ತು ಮಂದಿ ಇರಬಹುದು. ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ ಒಂದು ವಿಷಯಕ್ಕೆ ಒಬ್ಬರಿದ್ದರೆ ಹೆಚ್ಚು. ಚರಿತ್ರೆಯ ಅಧ್ಯಾಪಕರಿಗೆ ಚರಿತ್ರೆಯ ಬಗ್ಗೆ ಸಂದೇಹ ಬಂದರೆ ಕೇಳಲು ಪಕ್ಕದ ಕುರ್ಚಿಯಲ್ಲಿ ಯಾರೂ ಇಲ್ಲ. ಅವರು ತಪ್ಪು ಹೇಳಿದರೂ ತಪ್ಪೆನ್ನುವವರಿಲ್ಲ. ವರ್ಷಗಳು ಉರುಳಿದಂತೆ ಟಿಪ್ಪಣಿ ಪುಸ್ತಕದ ಹಾಳೆ ಹಳದಿಯಾಗುತ್ತದೆ. ಪಾಠ ಮಾತ್ರ ಅದೇ.

ಈ ಒಂಟಿತನಕ್ಕೆ ಮದ್ದು ಹುಡುಕಿದವರಲ್ಲಿ ನಾವೇ ಮೊದಲಿಗರಲ್ಲ. ಅದರ ಒಂದು ಹಳೆಯ ಸಾಕ್ಷಿ ಇದೇ ರೈಲು ದಾರಿಯ ಮಗ್ಗುಲಲ್ಲಿದೆ.

ಕಲ್ಲಿನ ಮೇಲಿನ ಸಿಬ್ಬಂದಿ ಪಟ್ಟಿ

ಚಿತ್ತಾಪುರದ ಪಕ್ಕದ ನಾಗಾವಿಗೆ ಇಂದು ಜನ ಹೋಗುವುದು ಹೆಚ್ಚಾಗಿ ಯಲ್ಲಮ್ಮನ ದರ್ಶನಕ್ಕೆ. ಅಲ್ಲಿನ ಅರವತ್ತು ಕಂಬದ ಗುಡಿ ಮತ್ತು ಸುತ್ತಲಿನ ಅವಶೇಷಗಳು ಹನ್ನೊಂದನೇ ಶತಮಾನದಲ್ಲಿ ಇಲ್ಲೊಂದು ದೊಡ್ಡ ವಿದ್ಯಾಕೇಂದ್ರವಿತ್ತು ಎಂಬುದನ್ನು ನೆನಪಿಸುತ್ತವೆ. ಆ ಕಾಲದಲ್ಲಿ ಇಂಥ ಕೇಂದ್ರಕ್ಕೆ ಘಟಿಕಾಸ್ಥಾನ ಎಂದು ಹೆಸರು. ಕಲ್ಯಾಣದ ಚಾಲುಕ್ಯ ದೊರೆ ತ್ರೈಲೋಕ್ಯಮಲ್ಲ ಒಂದನೇ ಸೋಮೇಶ್ವರನ ದಂಡನಾಯಕ ಮಧುಸೂದನ ಕ್ರಿ.ಶ. 1058ರಲ್ಲಿ ಇದಕ್ಕೆ ಮಾಡಿಕೊಟ್ಟ ವ್ಯವಸ್ಥೆಯನ್ನು ಶಾಸನ ವಿವರವಾಗಿ ಹೇಳುತ್ತದೆ. ಹೈದರಾಬಾದ್ ಸಂಸ್ಥಾನದ ಪುರಾತತ್ವ ಇಲಾಖೆ ನಾಗಾವಿಯ ಶಾಸನಗಳನ್ನು 1928ರಲ್ಲಿ ಪ್ರಕಟಿಸಿತು. ಅಲ್ಲಿಂದ ಈಚೆಗೆ ಪ್ರಾಚೀನ ಶಿಕ್ಷಣದ ಬಗ್ಗೆ ಬರೆದವರು ಈ ಹೆಸರನ್ನು ಬಿಟ್ಟಿಲ್ಲ.

ವೇದ ಓದಲು 200 ವಿದ್ಯಾರ್ಥಿಗಳು, ಶಾಸ್ತ್ರ ಓದಲು ಐವತ್ತರಷ್ಟು ಮಂದಿ. ವೇದಕ್ಕೆ ಮೂವರು ಉಪಾಧ್ಯಾಯರು, ಶಾಸ್ತ್ರಕ್ಕೆ ಮೂವರು. ಇವರ ಜೊತೆಗೆ ಆರು ಮಂದಿ ‘ಸರಸ್ವತೀ ಭಂಡಾರಿಗ’ರು, ಅಂದರೆ ಗ್ರಂಥ ಭಂಡಾರ ನೋಡಿಕೊಳ್ಳುವವರು. ಆರು ಉಪಾಧ್ಯಾಯರಿಗೆ ಆರು ಗ್ರಂಥಪಾಲಕರು! ಗ್ರಂಥಪಾಲಕರ ಹುದ್ದೆ ಖಾಲಿ ಇರುವ ಎಷ್ಟೋ ಕಾಲೇಜುಗಳ ಈ ಕಾಲದಲ್ಲಿ ಆ ಸಂಖ್ಯೆಯನ್ನು ನಂಬುವುದು ಸ್ವಲ್ಪ ಕಷ್ಟ. ಓಲೆಗರಿಯ ಕಾಲದಲ್ಲಿ ಪುಸ್ತಕ ಎಂದರೆ ಹುಳ ಹಿಡಿಯದಂತೆ ಕಾಯಬೇಕಾದ, ಹಳತಾದಾಗ ಪ್ರತಿ ಮಾಡಿಕೊಳ್ಳಬೇಕಾದ ಆಸ್ತಿ. ಆದ್ದರಿಂದ ಇದು ಬರಿಯ ಕಾವಲಿನ ಕೆಲಸವಾಗಿರಲಾರದು.

ಇನ್ನೂ ಕುತೂಹಲದ ಸಂಗತಿ ಶಾಸ್ತ್ರದ ಮೂವರು ಉಪಾಧ್ಯಾಯರದು. ಒಬ್ಬರು ಭಟ್ಟ ದರ್ಶನ ಹೇಳುವವರು, ಇನ್ನೊಬ್ಬರು ಪ್ರಾಭಾಕರ, ಮತ್ತೊಬ್ಬರು ನ್ಯಾಸ. ಭಟ್ಟ ಮತ್ತು ಪ್ರಾಭಾಕರ ಎರಡೂ ಪೂರ್ವಮೀಮಾಂಸೆಯ ಕವಲುಗಳೇ. ಆದರೆ ಪರಸ್ಪರ ಎದುರಾಳಿಗಳು. ಅವರ ಪ್ರಸಿದ್ಧ ಜಗಳಗಳಲ್ಲಿ ಒಂದು ಮಾತಿನ ಅರ್ಥ ಹುಟ್ಟುವ ಬಗೆಯದು. ‘ನೀರು ತಾ’ ಎಂದರೆ ಕೇಳುವವನಿಗೆ ಮೊದಲು ‘ನೀರು’ ಎಂಬುದರ ಅರ್ಥ, ‘ತಾ’ ಎಂಬುದರ ಅರ್ಥ ಬೇರೆ ಬೇರೆಯಾಗಿ ಹೊಳೆದು, ಅನಂತರ ಎರಡೂ ಕೂಡಿಕೊಳ್ಳುತ್ತವೆ ಎನ್ನುವುದು ಕುಮಾರಿಲ ಭಟ್ಟನ ಕಡೆಯವರ ವಾದ. ಪ್ರಭಾಕರನ ಕಡೆಯವರು ಇದನ್ನು ಒಪ್ಪುವುದಿಲ್ಲ. ಮಗು ಮಾತು ಕಲಿಯುವುದು ಬಿಡಿ ಪದಗಳಿಂದಲ್ಲ. ಹಿರಿಯರೊಬ್ಬರು ‘ನೀರು ತಾ’ ಎಂದಾಗ ಇನ್ನೊಬ್ಬರು ಎದ್ದು ತಂದುಕೊಡುವುದನ್ನು ನೋಡಿ. ಹಾಗಾಗಿ ಪದವು ವಾಕ್ಯದಲ್ಲಿ ಮತ್ತೊಂದಕ್ಕೆ ಸೇರಿಕೊಂಡೇ ಅರ್ಥ ಕೊಡುತ್ತದೆ ಎನ್ನುತ್ತಾರೆ ಅವರು. ಇಂದಿಗೂ ಭಾಷೆ ಕಲಿಸುವವರ ನಡುವೆ ಪದ ಮೊದಲೋ ವಾಕ್ಯ ಮೊದಲೋ ಎಂಬ ಚರ್ಚೆ ನಿಂತಿಲ್ಲ.

ಮೂರನೆಯದಾದ ನ್ಯಾಸ, ಪಾಣಿನಿಯ ವ್ಯಾಕರಣಕ್ಕೆ ಬಂದ ಕಾಶಿಕಾ ವೃತ್ತಿಯ ಮೇಲೆ ಜಿನೇಂದ್ರಬುದ್ಧಿ ಬರೆದ ಟೀಕೆ. ಈತ ಬೌದ್ಧ. ವೇದಾಧ್ಯಯನದ ಕೇಂದ್ರದಲ್ಲಿ ಬೌದ್ಧನೊಬ್ಬನ ಗ್ರಂಥ ಪಾಠಪಟ್ಟಿಯಲ್ಲಿತ್ತು! ಒಟ್ಟಿನಲ್ಲಿ ಪದ, ವಾಕ್ಯ, ಅರ್ಥಗಳ ಬಗ್ಗೆಯೇ ತಲೆ ಕೆಡಿಸಿಕೊಂಡ ಮೂರು ಭಿನ್ನ ದಾರಿಯವರನ್ನು ಒಂದೇ ಸೂರಿನಡಿ ಇರಿಸಿ, ಪಕ್ಕದಲ್ಲಿ ಗ್ರಂಥ ಭಂಡಾರ ತೆರೆದು, ಜೀವನಕ್ಕೆ ಭೂಮಿ ಕೊಡಲಾಯಿತು. ಅವರು ಸಂಜೆಯ ಹೊತ್ತು ಏನು ಮಾತಾಡಿಕೊಂಡರು ಎಂಬುದನ್ನು ಶಾಸನ ಬರೆದಿಡಲಿಲ್ಲ. ವಾದ ಮಾಡದೆ ಸುಮ್ಮನಿದ್ದರೆಂದು ಊಹಿಸುವುದು ಮಾತ್ರ ಕಷ್ಟ.

ಇಷ್ಟರಿಂದಲೇ ನಾಗಾವಿಯನ್ನು ಇಂದಿನ ಅರ್ಥದ ವಿಶ್ವವಿದ್ಯಾಲಯ ಎನ್ನಲಾಗದು. ಅದರ ಬಾಗಿಲು ತೆರೆದಿದ್ದದ್ದು ವೇದಾಧಿಕಾರವಿದ್ದ ಗಂಡಸರಿಗೆ. ಆ ಕಂಬಗಳನ್ನು ಕಡೆದವರ ಮಕ್ಕಳಿಗೆ, ಉಂಬಳಿ ಭೂಮಿಯನ್ನು ಉತ್ತವರ ಮಕ್ಕಳಿಗೆ ಅಲ್ಲಿ ಜಾಗವಿರಲಿಲ್ಲ.

ನಾಡಿನ ಬೇರೆಡೆಯೂ ಇಂಥ ಕೇಂದ್ರಗಳಿದ್ದವು. ವಿಜಯಪುರ ಜಿಲ್ಲೆಯ ಸಾಲೋಟಗಿಯಲ್ಲಿ ಕ್ರಿ.ಶ. 945ರಲ್ಲಿ ರಾಷ್ಟ್ರಕೂಟ ಮೂರನೇ ಕೃಷ್ಣನ ಮಂತ್ರಿ ನಾರಾಯಣ ಶಾಲೆ ಕಟ್ಟಿಸಿದಾಗ ವಿದ್ಯಾರ್ಥಿಗಳಿಗೆ 27 ಮನೆಗಳಿದ್ದವು. ಊರಲ್ಲಿ ಮದುವೆ, ಮುಂಜಿ ನಡೆದರೆ ಶಾಲೆಗೆ ಇಂತಿಷ್ಟು ಸಲ್ಲಬೇಕೆಂಬ ಕಟ್ಟಳೆಯೂ ಇತ್ತು. ಅದಕ್ಕೂ ಹಿಂದಿನದು ಕದಂಬ ಮಯೂರಶರ್ಮನ ಕಥೆ. ತಾಳಗುಂದದ ಶಾಸನದ ಪ್ರಕಾರ ಆತ ಕಂಚಿಯ ಘಟಿಕೆಗೆ ಹೋದದ್ದು ಒಬ್ಬನೇ ಅಲ್ಲ, ಗುರು ವೀರಶರ್ಮನ ಜೊತೆಯಲ್ಲಿ. ಪಲ್ಲವರ ಕುದುರೆ ಸವಾರನೊಡನೆ ಜಗಳವಾಗಿ ಶಿಷ್ಯ ಕತ್ತಿ ಹಿಡಿದದ್ದು ಎಲ್ಲರಿಗೂ ಗೊತ್ತು. ಪಾಠ ಹೇಳಿದ ಗುರುವೂ ಶಿಷ್ಯನೊಡನೆ ದೂರದ ವಿದ್ಯಾಕೇಂದ್ರಕ್ಕೆ ಹೊರಟಿದ್ದ ಎಂಬುದು ಆ ಗದ್ದಲದಲ್ಲಿ ಮರೆತುಹೋಗಿದೆ.

ಆಧುನಿಕ ಕಾಲಕ್ಕೆ ಬಂದರೆ, ವಾಡಿಯ ರೈಲು ಮುಟ್ಟುತ್ತಿದ್ದ ಹೈದರಾಬಾದಿನಲ್ಲಿ 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಆರಂಭವಾಯಿತು. ಉರ್ದುವಿನಲ್ಲಿ ವಿಜ್ಞಾನ ಕಲಿಸಬೇಕು, ಪುಸ್ತಕಗಳಿಲ್ಲ. ಅದಕ್ಕಾಗಿ ಹುಟ್ಟಿದ ದಾರುಲ್ ತರ್ಜುಮಾ ಎಂಬ ಅನುವಾದ ಸಂಸ್ಥೆಯಲ್ಲಿ ವಿಷಯ ಬಲ್ಲವರೂ ಭಾಷೆ ಬಲ್ಲವರೂ ಸಮಿತಿಗಳಲ್ಲಿ ಎದುರು ಬದುರು ಕುಳಿತು ಒಂದೊಂದೇ ಪಾರಿಭಾಷಿಕ ಪದ ಗೊತ್ತುಮಾಡಿದರು. ಮೈಸೂರು ಸೀಮೆಯಲ್ಲಿ ಇದೇ ಬಗೆಯ ಕೂಟ ಕನ್ನಡದ ಸುತ್ತ ಬೆಳೆಯಿತು. ಎ.ಆರ್. ಕೃಷ್ಣಶಾಸ್ತ್ರಿಗಳು ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದಿಂದ ಹೊರತಂದ ‘ಪ್ರಬುದ್ಧ ಕರ್ಣಾಟಕ’ ಪತ್ರಿಕೆ, 1946ರಲ್ಲಿ ಮೈಸೂರು ವಿಶ್ವವಿದ್ಯಾಲಯ ಪ್ರಕಟಿಸಿದ ಇಂಗ್ಲಿಷ್-ಕನ್ನಡ ನಿಘಂಟು ಅದರ ಫಲಗಳು. ತರಬೇತಿ ಎಂಬ ಹೆಸರು ಅವಕ್ಕೆ ಇರಲಿಲ್ಲ. ಒಂದು ಶಬ್ದಕ್ಕಾಗಿ ಅರ್ಧ ದಿನ ಜಗಳವಾಡಿದ ಅಧ್ಯಾಪಕರು ಮರುದಿನ ತರಗತಿಗೆ ಹೋದಾಗ ಅದೇ ಹಳೆಯ ಪಾಠ ಹೇಳಿರಲಾರರು.

ಕಲ್ಯಾಣ ಕರ್ನಾಟಕದಲ್ಲಿ ಉನ್ನತ ಶಿಕ್ಷಣದ ವಿಸ್ತರಣೆ ತಡವಾಗಿ ಆಯಿತು. 1958ರಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಹುಟ್ಟಿತು. 1970ರಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಕಲಬುರಗಿಯಲ್ಲಿ ಸ್ನಾತಕೋತ್ತರ ಕೇಂದ್ರ ತೆರೆಯಿತು, 1980ರಲ್ಲಿ ಅದು ಗುಲಬರ್ಗಾ ವಿಶ್ವವಿದ್ಯಾಲಯವಾಯಿತು. ಕಾಲೇಜುಗಳು ತಾಲ್ಲೂಕು ತಾಲ್ಲೂಕಿಗೆ ಬಂದವು. ಅಧ್ಯಾಪಕರ ಒಂಟಿತನವೂ ಅವುಗಳ ಜೊತೆಯಲ್ಲೇ ಬಂತು.

ಬಡ್ತಿಯ ಮೆಟ್ಟಿಲು

ಕಲಿಸುವ ಕಲೆಯನ್ನು ಅಧ್ಯಾಪಕರಿಗೂ ಕಲಿಸಬೇಕೆಂಬ ವಿಚಾರ ಹೊರದೇಶಗಳಲ್ಲೂ ತೀರ ಹಳೆಯದಲ್ಲ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯ ಇದಕ್ಕೆಂದೇ ಒಂದು ಕೇಂದ್ರ ತೆರೆದದ್ದು 1962ರಲ್ಲಿ. ನಮ್ಮಲ್ಲಿ ಪ್ರೊ. ರಯೀಸ್ ಅಹ್ಮದ್ ಅಧ್ಯಕ್ಷತೆಯ ಶಿಕ್ಷಕರ ಎರಡನೇ ರಾಷ್ಟ್ರೀಯ ಆಯೋಗ 1983ರಿಂದ 1985ರವರೆಗೆ ಉನ್ನತ ಶಿಕ್ಷಣದ ಅಧ್ಯಾಪಕರ ಸ್ಥಿತಿಗತಿ ಪರಿಶೀಲಿಸಿತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಲ್ಲೇ ಯುಜಿಸಿ ದೇಶದ ವಿವಿಧ ವಿಶ್ವವಿದ್ಯಾಲಯಗಳಲ್ಲಿ ‘ಅಕಾಡೆಮಿಕ್ ಸ್ಟಾಫ್ ಕಾಲೇಜು’ಗಳನ್ನು ತೆರೆಯಿತು. ಮುಂದೆ ಅವು 66 ಆದವು. 2015ರಲ್ಲಿ ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರಗಳೆಂದೂ, 2023ರಲ್ಲಿ ಮಾಳವೀಯ ಮಿಷನ್ ಆರಂಭವಾದ ಮೇಲೆ ಅದರ ಹೆಸರಿನಲ್ಲೂ ಬೋರ್ಡು ಬದಲಾದವು. ಹೆಸರು ಬದಲಿಸುವುದರಲ್ಲಿ ದೆಹಲಿಗೆ ಎಂದೂ ಬಡತನವಿಲ್ಲ.

ಬಹುಕಾಲ ನಡೆದದ್ದು ಎರಡು ಬಗೆಯ ಕೋರ್ಸುಗಳು. ಹೊಸಬರಿಗೆ ನಾಲ್ಕು ವಾರಗಳ ಓರಿಯಂಟೇಷನ್: ದಿನಕ್ಕೆ ಆರು ಗಂಟೆಯಂತೆ 144 ಗಂಟೆ. ಅನುಭವಿಗಳಿಗೆ ತಮ್ಮ ವಿಷಯದಲ್ಲಿ ಮೂರು ವಾರಗಳ ರಿಫ್ರೆಷರ್: 108 ಗಂಟೆ. ಓರಿಯಂಟೇಷನ್‌ನಲ್ಲಿ ಭೌತಶಾಸ್ತ್ರದವರು, ಕನ್ನಡದವರು, ವಾಣಿಜ್ಯದವರು ಎಲ್ಲರೂ ಒಟ್ಟಿಗೆ. ಸಮಾಜ, ಶಿಕ್ಷಣದ ಇತಿಹಾಸ, ಬೋಧನಾ ವಿಧಾನ, ಗ್ರಂಥಾಲಯ ಮತ್ತು ಕಂಪ್ಯೂಟರ್ ಬಳಕೆ, ಆಡಳಿತ ಹೀಗೆ ವಿಷಯಗಳ ಹರಹು. ಎಲ್ಲಕ್ಕಿಂತ ಬೆವರಿಳಿಸುವುದು, ಸಹೋದ್ಯೋಗಿಗಳ ಎದುರು ಕೆಲವು ನಿಮಿಷ ಪಾಠ ಮಾಡಿ ತೋರಿಸುವುದು. ಹತ್ತು ವರ್ಷ ಯಾರ ಪ್ರಶ್ನೆಯೂ ಇಲ್ಲದೆ ಪಾಠ ಮಾಡಿದವರಿಗೆ ತಮ್ಮಂಥವರೇ ಕುಳಿತು ಕೇಳುವುದು ಬೇರೆಯೇ ಅನುಭವ. ಆದರೆ ಅದಕ್ಕಿಂತ ಹೆಚ್ಚಿನ ಕಲಿಕೆ ಹಾಸ್ಟೆಲಿನ ಕೋಣೆಯಲ್ಲಿ, ರಾತ್ರಿ ಊಟದ ಮೇಲೆ ನಡೆಯುತ್ತದೆ. ಅದೇ ಪಠ್ಯ, ಅದೇ ಬಗೆಯ ಹುಡುಗರು, ಅದೇ ತೊಡಕು: ನೀವು ಏನು ಮಾಡುತ್ತೀರಿ? ಸೇಡಂನ ಅಧ್ಯಾಪಕರು ಸಿರ್ಸಿಯವರನ್ನು ಕೇಳುವ ಇಂಥ ಪ್ರಶ್ನೆ ಯಾವ ವೇಳಾಪಟ್ಟಿಯಲ್ಲೂ ಇರುವುದಿಲ್ಲ.

ಇದಕ್ಕೆ ಒಂದು ಗಂಟು ಬಿತ್ತು. ಕೋರ್ಸು ಮುಗಿಸದಿದ್ದರೆ ಹಿರಿಯ ಶ್ರೇಣಿ ಇಲ್ಲ ಎಂಬ ಷರತ್ತು 1986ರ ವೇತನ ಪರಿಷ್ಕರಣೆಯ ಜೊತೆಗೇ ಬಂತು. ಷರತ್ತು ಇಲ್ಲದಿದ್ದರೆ ಎಷ್ಟು ಮಂದಿ ಮನೆ ಬಿಟ್ಟು ಹೊರಡುತ್ತಿದ್ದರು ಎಂಬುದು ನ್ಯಾಯವಾದ ಪ್ರಶ್ನೆಯೇ. ಆದರೆ ಬಡ್ತಿಗಾಗಿ ಬಂದವರಲ್ಲಿ ಪ್ರಮಾಣಪತ್ರದ ಮೇಲೆ ಮಾತ್ರ ಕಣ್ಣಿಟ್ಟವರೂ ಇದ್ದರು. ಬೆಳಿಗ್ಗೆ ಸಹಿ, ಮಧ್ಯಾಹ್ನ ಊರು ಸುತ್ತಾಟ ಎಂಬ ಹಾಸ್ಯ ಅಧ್ಯಾಪಕರ ವಲಯದಲ್ಲೇ ಹುಟ್ಟಿದ್ದು.

2018ರಲ್ಲಿ ‘ಅರ್ಪಿತ್’ ಹೆಸರಿನಲ್ಲಿ ಆನ್‌ಲೈನ್ ರಿಫ್ರೆಷರ್ ಬಂತು. 2020ರ ಕೊರೊನಾ ಕಾಲದಲ್ಲಿ ಎಲ್ಲವೂ ಪರದೆಗೆ ಸರಿಯಿತು, ಅನಂತರವೂ ಬಹಳಷ್ಟು ಅಲ್ಲೇ ಉಳಿಯಿತು. ಪುಟ್ಟ ಮಕ್ಕಳಿರುವ ಅಧ್ಯಾಪಕಿಯರಿಗೆ, ಊರಲ್ಲಿ ವಯಸ್ಸಾದ ತಂದೆತಾಯಿ ಇರುವವರಿಗೆ ಇದು ದೊಡ್ಡ ಅನುಕೂಲ, ಅದನ್ನು ಅಲ್ಲಗಳೆಯುವಂತಿಲ್ಲ. ಚಿಂಚೋಳಿಯಲ್ಲೇ ಕುಳಿತು ದೂರದ ಪ್ರಾಧ್ಯಾಪಕರ ಉಪನ್ಯಾಸ ಕೇಳಬಹುದು. ರಾತ್ರಿಯ ಹಾಸ್ಟೆಲ್ ಕೋಣೆ ಮಾತ್ರ ಪರದೆಯಲ್ಲಿ ಸಿಗುವುದಿಲ್ಲ. ಮೈಕು ಮುಚ್ಚಿ, ಕ್ಯಾಮೆರಾ ಮುಚ್ಚಿ ಕುಳಿತವರ ನಡುವೆ ಸ್ನೇಹವಾಗಲಿ ಜಗಳವಾಗಲಿ ಹುಟ್ಟುವುದು ಅಪರೂಪ.

ಈ ಏರ್ಪಾಟಿನ ದೊಡ್ಡ ಬಿರುಕು ಇರುವುದು ಮತ್ತೊಂದು ಕಡೆ. ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಪಾಠದ ಬಹುಭಾಗವನ್ನು ಹೊತ್ತವರು ಅತಿಥಿ ಉಪನ್ಯಾಸಕರು. ಅವರ ಸಂಖ್ಯೆ ಹತ್ತು ಸಾವಿರವನ್ನು ಮೀರಿತ್ತು. ಸೇವಾ ಭದ್ರತೆ ಕೇಳಿ 2021ರ ಡಿಸೆಂಬರಿನಲ್ಲಿ ಅವರು ತರಗತಿ ಬಹಿಷ್ಕರಿಸಿದಾಗ ಎಷ್ಟೋ ಕಾಲೇಜುಗಳಲ್ಲಿ ಪಾಠವೇ ನಿಂತಿತು. ಮರು ತಿಂಗಳು ಸರ್ಕಾರ ಗೌರವಧನ ಏರಿಸಿತು. ಜೊತೆಗೆ ಒಬ್ಬೊಬ್ಬರ ವಾರದ ಪಾಠದ ಅವಧಿಯನ್ನೂ 15 ಗಂಟೆಗೆ ಏರಿಸಿದ್ದರಿಂದ ಅಷ್ಟೇ ಪಾಠಕ್ಕೆ ಕಡಿಮೆ ಜನ ಸಾಕಾದರು.

ಬಡ್ತಿಗೆ ಕಟ್ಟಿದ ತರಬೇತಿ ಬಡ್ತಿಯೇ ಇಲ್ಲದವರಿಗೆ ಏನು ಕೊಡುತ್ತದೆ? ಮೂರು ವರ್ಷ ಪಾಠ ಮಾಡಿದ ತಾತ್ಕಾಲಿಕ ಅಧ್ಯಾಪಕರನ್ನೂ ಕೋರ್ಸಿಗೆ ಸೇರಿಸಿಕೊಳ್ಳಲು ಸ್ಟಾಫ್ ಕಾಲೇಜುಗಳ ನಿಯಮಗಳು ಅವಕಾಶ ಕೊಟ್ಟಿದ್ದವು. ಬಾಗಿಲು ಮುಚ್ಚಿರಲಿಲ್ಲ. ಆದರೆ ಕಾಯಂ ಉಪನ್ಯಾಸಕರಿಗೆ ಆ ನಾಲ್ಕು ವಾರ ಕರ್ತವ್ಯದ ಲೆಕ್ಕ, ಸಂಬಳ ನಿಲ್ಲುವುದಿಲ್ಲ. ಅತಿಥಿ ಉಪನ್ಯಾಸಕರ ಗೌರವಧನ ಅವರು ಮಾಡಿದ ಪಾಠಕ್ಕೆ. ಒಂದು ತಿಂಗಳು ಕಲಿಯಲು ಹೋದರೆ ಆ ತಿಂಗಳ ಪಾಠ ಇನ್ನೊಬ್ಬರ ಪಾಲಾಗುತ್ತದೆ, ಮುಂದಿನ ವರ್ಷ ಆ ಜಾಗ ತಮಗೇ ಸಿಗುವುದೆಂಬ ಖಾತ್ರಿಯೂ ಇಲ್ಲ. ನಾಗಾವಿಯ ದಂಡನಾಯಕ ಮೊದಲು ಗೊತ್ತುಮಾಡಿದ್ದು ಯಾರಿಗೆ ಎಷ್ಟು ಭೂಮಿ ಎಂಬುದನ್ನು. ಚಿತ್ತಾಪುರ, ಸೇಡಂ, ಚಿಂಚೋಳಿಗಳ ಕಾಲೇಜುಗಳಲ್ಲಿ ಪ್ರತಿ ವರ್ಷ ತರಗತಿಗಳು ಆರಂಭವಾಗುವ ಹೊತ್ತಿಗೆ ಅತಿಥಿ ಉಪನ್ಯಾಸಕರು ಮತ್ತೆ ಅರ್ಜಿ ಹಾಕಿ, ಪಟ್ಟಿಯಲ್ಲಿ ತಮ್ಮ ಹೆಸರು ಹುಡುಕುತ್ತಾರೆ.