ಜಲಾಶಯದ ಕಿರುಮೀನು ಮತ್ತು ಬಲೆಯ ಕಣ್ಣು

ಶ್ರೀಲಂಕೆಯಲ್ಲಿ ನಿಸರ್ಗವು ನಿರ್ಮಿಸಿದ ದೊಡ್ಡ ಸರೋವರಗಳಿಲ್ಲ; ಆ ಕೊರತೆಯನ್ನು ಅಲ್ಲಿಯ ಅರಸರು ಕಟ್ಟೆಗಳನ್ನು ಕಟ್ಟಿಸಿ ತುಂಬಿಕೊಟ್ಟರು. ಪೊಲೊನ್ನರುವದ ಪರಾಕ್ರಮ ಸಮುದ್ರವು 12ನೆಯ ಶತಮಾನದ್ದು. ಇಂತಹ ನೂರಾರು ಜಲಾಶಯಗಳಿಗೆ 1952ರಿಂದೀಚೆಗೆ ಆಫ್ರಿಕದ ತಿಲಾಪಿಯ ಮೀನನ್ನು ಬಿಡಲಾಯಿತು. ಅದು ಚೆನ್ನಾಗಿ ಒಗ್ಗಿಕೊಂಡಿತು. ಇಂದಿಗೂ ಅಲ್ಲಿಯ ಬೆಸ್ತರ ಬಲೆಗೆ ಬೀಳುವುದರಲ್ಲಿ ಹೆಚ್ಚಿನ ಪಾಲು ಅದರದೇ.

ಆದರೆ ಅದೇ ನೀರಿನಲ್ಲಿ ಬೆರಳುದ್ದದ ದೇಶೀಯ ಮೀನುಗಳೂ ಉಂಟು. ಪುಂಟಿಯಸ್, ಆಂಬ್ಲಿಫ್ಯಾರಿಂಗೊಡಾನ್ ಎಂಬ ಉದ್ದುದ್ದ ಹೆಸರಿನ ಈ ಪುಟ್ಟ ಜೀವಿಗಳು ಬಹುಮಟ್ಟಿಗೆ ಪಾಚಿ, ಪ್ಲವಕಗಳನ್ನು ತಿಂದು ಬೇಗ ಬೆಳೆದು, ಬೇಗ ಮರಿಮಾಡಿ, ಅಲ್ಪಾಯುಷ್ಯದಲ್ಲಿಯೇ ಮುಗಿಯತಕ್ಕವು. ನೀರುಕಾಗೆಗಳಿಗೆ ಇವುಗಳ ಬೆಲೆ ಎಂದೋ ತಿಳಿದಿತ್ತು. ಮನುಷ್ಯನಿಗೂ ಇವು ಅಲ್ಪವಲ್ಲ. ಮುಳ್ಳುಸಹಿತ ಇಡಿಯಾಗಿ ತಿನ್ನುವುದರಿಂದ ಸುಣ್ಣದ ಅಂಶವು ದೊರೆಯುತ್ತದೆ. ಇದೇ ಕುಲಕ್ಕೆ ಸೇರಿದ ಬಂಗಾಳದ ಮೋಲಾ ಎಂಬ ಮೀನಿನಲ್ಲಿ ‘ಎ’ ಜೀವಸತ್ವವು ವಿಪುಲವಾಗಿದ್ದು, ಅದರ ಬಹುಭಾಗವು ಕಣ್ಣು ಮತ್ತು ಒಳಾಂಗಗಳಲ್ಲಿ ಸಂಚಿತವಾಗಿರುತ್ತದೆ. ಇರುಳುಗುರುಡಿಗೆ ಈ ಸತ್ವದ ಅಭಾವವೇ ಮುಖ್ಯ ಕಾರಣವೆಂಬುದನ್ನು ವಾಚಕರು ಬಲ್ಲರು.

ಹಾಗಾದರೆ ಇವನ್ನು ಹಿಡಿಯಬಾರದೇಕೆ? ಚಿಕ್ಕ ಕಣ್ಣಿನ ಬಲೆ ಬೀಸಿದರೆ ತಿಲಾಪಿಯದ ಮರಿಗಳೂ ಅದರಲ್ಲಿ ಸಿಕ್ಕಿ ನಾಳಿನ ಬೆಳೆ ಇಂದೇ ನಾಶವಾಗುವುದೆಂಬ ಭಯ. ಆದುದರಿಂದ ಅಲ್ಲಿಯ ಕಾನೂನು, ಎಳೆದು ಹಿಡಿದಾಗ 8.5 ಸೆಂಟಿಮೀಟರಿಗಿಂತ ಚಿಕ್ಕದಾದ ಕಣ್ಣಿನ ಬಲೆಯನ್ನು ಒಪ್ಪುತ್ತಿರಲಿಲ್ಲ.

ಇಲ್ಲಿ ಬಲೆಯ ಭೌತಶಾಸ್ತ್ರವನ್ನು ಕೊಂಚ ವಿಚಾರಿಸೋಣ. ತುಂಗಭದ್ರಾ ಜಲಾಶಯದ ‘ಅಲಿವಿ’ ಬಲೆಯು ನಮ್ಮ ಕರಾವಳಿಯ ರಂಪಣಿಯಂತೆ ನೀರನ್ನು ಬಳಸಿ ದಡಕ್ಕೆ ಎಳೆಯತಕ್ಕದ್ದು. ಅದೊಂದು ಜರಡಿ. ಕಣ್ಣಿಗಿಂತ ದಪ್ಪವಾದುದೆಲ್ಲವೂ ಅದರಲ್ಲಿ ಉಳಿಯುತ್ತದೆ. ಕಿರುಮೀನಿನೊಡನೆ ಕಾಟ್ಲಾ, ರೋಹುಗಳ ಮರಿಗಳೂ ಬಂದುಬಿಡುತ್ತವೆ. ನೀರಿನಲ್ಲಿ ಪರದೆಯಂತೆ ನಿಲ್ಲಿಸುವ ಕಿವಿರುಬಲೆಯ ರೀತಿಯೇ ಬೇರೆ. ಎಳೆದಾಗ 2 ಸೆಂಟಿಮೀಟರ್ ಇರುವ ಕಣ್ಣಿನ ನಾಲ್ಕು ಬದಿಗಳೂ ತಲಾ 1 ಸೆಂಟಿಮೀಟರ್; ಸುತ್ತಳತೆ 4. ಮೈಯ ಸುತ್ತಳತೆ ಇದಕ್ಕಿಂತ ಕಡಮೆಯಿದ್ದ ಮೀನು ತೂರಿಹೋಗುತ್ತದೆ. ಬಹಳ ಹೆಚ್ಚಿದ್ದ ಮೀನು ಮೂತಿಯನ್ನು ತಾಗಿಸಿ ಹಿಂದಿರುಗುತ್ತದೆ. ತಲೆ ನುಗ್ಗಿ ಮೈ ನುಗ್ಗಲಾರದ ಮೀನು ಮಾತ್ರ ಕಿವಿರಿನ ಬಳಿ ಸಿಕ್ಕಿಕೊಳ್ಳುತ್ತದೆ. ಬಣ್ಣದ ಗಾಜು ಕೆಲವೇ ತರಂಗಗಳನ್ನು ಆರಿಸಿಕೊಳ್ಳುವಂತೆ, ಈ ಬಲೆಯೂ ಒಂದು ಕಿರಿದಾದ ಗಾತ್ರಶ್ರೇಣಿಯನ್ನಷ್ಟೇ ಆರಿಸಿಕೊಳ್ಳುತ್ತದೆಂದು ಹೇಳಬಹುದು. ಎರಡು ಬಲೆಗಳ ಕಣ್ಣು ಒಂದೇ ಅಳತೆಯದಾದರೂ ಅವು ಮಾಡುವ ಹಾನಿ ಒಂದೇ ಅಲ್ಲ.

ಆದರೂ ಒಂದು ತೊಡಕು ಉಳಿಯುತ್ತದೆ: ಅಷ್ಟೇ ದಪ್ಪದ ತಿಲಾಪಿಯ ಮರಿಗೂ ಕಿರುಮೀನಿಗೂ ಬಲೆಯು ಭೇದವೆಣಿಸದು. 1980ರ ದಶಕದಲ್ಲಿ ಸೇನ ಡಿ ಸಿಲ್ವ ಮತ್ತು ಅವರ ಸಂಗಡಿಗರು ಹಲವು ಜಲಾಶಯಗಳಲ್ಲಿ ಚಿಕ್ಕ ಕಣ್ಣಿನ ಕಿವಿರುಬಲೆಗಳನ್ನು ಇಳಿಸಿ ಪರೀಕ್ಷಿಸಿದರು. ಉತ್ತರವು ಸ್ಥಳದಲ್ಲಿ ದೊರೆಯಿತು. ತಿಲಾಪಿಯದ ಮರಿಗಳು ದಡದ ತೆಳುನೀರನ್ನು ಆಶ್ರಯಿಸಿರುತ್ತವೆ. ದೇಶೀಯ ಕಿರುಮೀನುಗಳಾದರೋ ದಡದಿಂದಾಚೆಯ ಆಳದ ನೀರಿನಲ್ಲಿಯೂ ಹೇರಳ. ಅಲ್ಲಿ ಹಾಕಿದ ಬಲೆಗೆ ಮರಿಗಳು ಬಿದ್ದದ್ದು ಅತ್ಯಲ್ಪ. ಬಲೆಯ ಕಣ್ಣನ್ನು ಕುರಿತ ಕಾನೂನು ಅಳೆಯಬೇಕಾದುದರ ಅರ್ಧವನ್ನು ಮಾತ್ರ ಅಳೆಯುತ್ತಿತ್ತೆಂದು ನಮ್ಮ ಅಭಿಪ್ರಾಯ.

ಆ ಇನ್ನರ್ಧವನ್ನು ಅಳೆಯುವುದೇನೂ ಸುಲಭವಲ್ಲ. ಕಣ್ಣಿನ ಅಗಲವನ್ನು ಅಧಿಕಾರಿಯು ದಡದಲ್ಲಿ ನಿಂತು ಅಡಿಪಟ್ಟಿಯಿಂದ ನೋಡಬಲ್ಲನು. ರಾತ್ರಿ ಆ ಬಲೆ ಎಷ್ಟು ಆಳದಲ್ಲಿತ್ತೆಂಬುದನ್ನು ಬೆಳಗಿನಲ್ಲಿ ಒಣಗುತ್ತಿರುವ ಬಲೆಯು ಹೇಳದು. ಬೇಸಿಗೆಯಲ್ಲಿ ಗದ್ದೆಗೆ ನೀರು ಬಿಟ್ಟಂತೆಲ್ಲ ದಡವೂ ಹಿಂದೆ ಸರಿಯುತ್ತದೆ. ನಿನ್ನೆ ಆಳವಾಗಿದ್ದ ಜಾಗ ಮುಂದಿನ ತಿಂಗಳು ಮರಿಗಳ ತೊಟ್ಟಿಲಾಗಿರುತ್ತದೆ. ಆ ಗೆರೆ ಎಲ್ಲಿ ಹಾದುಹೋಗುತ್ತದೆಂಬುದು ದಿನವೂ ದೋಣಿ ಹಾಯಿಸುವ ಬೆಸ್ತನಿಗೆ ಗೊತ್ತು.