ಬೀಡಿ ಬಿಡಲು ದೂರವಾಣಿಯ ನೆರವು: ತಿಳಿದು ಬಳಸುವ ಬಗೆ

ಬೀಡಿ, ಸಿಗರೇಟು ಸೇದುವುದು ಆರೋಗ್ಯಕ್ಕೆ ಹಾನಿಕರವೆಂಬುದನ್ನು ಕೇಳದ ರೈತರು ಇಂದು ಯಾವ ಹಳ್ಳಿಯಲ್ಲಿಯೂ ಇರಲಾರರು. ಬೀಡಿ ಕಟ್ಟಿನ ಮೇಲೆಯೇ ರೋಗದ ಚಿತ್ರ ಅಚ್ಚಾಗಿರುತ್ತದೆ. ಆದರೂ ಬಿಡಬೇಕೆಂದು ಮನಸ್ಸು ಮಾಡಿದವರು ನಾಲ್ಕು ದಿನ ಬಿಟ್ಟು ಐದನೆಯ ದಿನ ಮತ್ತೆ ಹಚ್ಚುವುದು ಎಲ್ಲ ಊರುಗಳಲ್ಲಿಯೂ ಕಂಡುಬರುತ್ತದೆ. ಇದಕ್ಕೆ ಮನಸ್ಸಿನ ದೌರ್ಬಲ್ಯವೇ ಕಾರಣವೆಂದು ಹೇಳಿ ಸುಮ್ಮನಾಗುವುದು ಸುಲಭ. ವಾಸ್ತವವಾಗಿ ಬಹು ಮಂದಿಗೆ ಬಿಡುವ ಕ್ರಮ ತಿಳಿದಿಲ್ಲ. ತಿಳಿಸಿಕೊಡುವ ವ್ಯವಸ್ಥೆ ಕೈಯಲ್ಲಿರುವ ಫೋನಿನಲ್ಲಿಯೇ ಇದೆಯೆಂಬುದೂ ತಿಳಿದಿಲ್ಲ.

2016-17ರಲ್ಲಿ ನಡೆದ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಪ್ರತಿ 100 ವಯಸ್ಕರಲ್ಲಿ ಸುಮಾರು 23 ಮಂದಿ ಒಂದಲ್ಲ ಒಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಸೇದುವವರು ಸುಮಾರು 9 ಮಂದಿ, ಅಗಿಯುವವರು ಮತ್ತು ಹೊಗೆಯಿಲ್ಲದ ಇತರ ರೂಪದಲ್ಲಿ ಬಳಸುವವರು ಸುಮಾರು 16 ಮಂದಿ. ಎರಡನ್ನೂ ಮಾಡುವವರು ಎರಡು ಲೆಕ್ಕದಲ್ಲಿಯೂ ಸೇರಿದ್ದಾರೆ. ಈ ಲೇಖನದಲ್ಲಿ ಸೇದುವವರ ವಿಷಯವನ್ನು ಮುಖ್ಯವಾಗಿ ತಿಳಿಸಲಾಗಿದೆ. ಮುಂದೆ ಹೇಳುವ ದೂರವಾಣಿ ಸೇವೆ ಅಗಿಯುವವರಿಗೂ ಅನ್ವಯಿಸುತ್ತದೆ.

ಹಿಡಿದಿಡುವುದು ಒಂದು, ಕೊಲ್ಲುವುದು ಇನ್ನೊಂದು

ತಂಬಾಕಿನಲ್ಲಿರುವ ನಿಕೋಟಿನ್ ರೈತರಿಗೆ ಹೊಸದಲ್ಲ. ಸಸ್ಯಹೇನುಗಳ ಹತೋಟಿಗೆ ನಿಕೋಟಿನ್ ಸಲ್ಫೇಟನ್ನೂ ತಂಬಾಕಿನ ಕಷಾಯವನ್ನೂ ಸಿಂಪಡಿಸುತ್ತಿದ್ದುದು ಹಿರಿಯ ರೈತರ ನೆನಪಿನಲ್ಲಿರಬಹುದು. ಹೊಗೆಯನ್ನು ಎಳೆದಾಗ ಈ ವಸ್ತು ಕೆಲವೇ ಸೆಕೆಂಡುಗಳಲ್ಲಿ ಮೆದುಳನ್ನು ಮುಟ್ಟಿ, ಅಲ್ಪ ಕಾಲದ ಹಿತವನ್ನು ಕೊಟ್ಟು ಇಳಿದುಹೋಗುತ್ತದೆ. ಇಳಿದ ಕೂಡಲೇ ಮತ್ತೊಂದು ಬೀಡಿ ಬೇಕೆನಿಸುತ್ತದೆ. ಮನುಷ್ಯನನ್ನು ಬೀಡಿಗೆ ಕಟ್ಟಿಹಾಕುವುದು ಈ ನಿಕೋಟಿನ್. ಆದರೆ ಶ್ವಾಸಕೋಶದ ಕ್ಯಾನ್ಸರು, ಉಬ್ಬಸ, ಹೃದ್ರೋಗಗಳಿಗೆ ಮುಖ್ಯ ಕಾರಣ ಹೊಗೆಯಲ್ಲಿರುವ ಟಾರ್, ಇಂಗಾಲದ ಮಾನಾಕ್ಸೈಡ್ ಮೊದಲಾದ ಇತರ ವಸ್ತುಗಳು. ಈ ವ್ಯತ್ಯಾಸ ಮನಸ್ಸಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಬೀಡಿಯಲ್ಲಿ ಕಾಗದವಿಲ್ಲ, ಎಲೆ ಮಾತ್ರ ಇದೆ, ಆದುದರಿಂದ ಅಷ್ಟು ಕೆಟ್ಟದ್ದಲ್ಲವೆಂಬ ನಂಬಿಕೆ ಹಳ್ಳಿಗಳಲ್ಲಿದೆ. ಇದು ಸರಿಯಲ್ಲ. ಬೀಡಿಯಲ್ಲಿರುವ ತಂಬಾಕು ಸಿಗರೇಟಿಗಿಂತ ಕಡಿಮೆ, ನಿಜ. ಆದರೆ ಬೀಡಿ ಎಲೆಯ ಮೂಲಕ ಗಾಳಿಯಾಡುವುದಿಲ್ಲ. ಆರದಂತೆ ನೋಡಿಕೊಳ್ಳಲು ಮೇಲಿಂದ ಮೇಲೆ ಬಲವಾಗಿ ಎಳೆಯಬೇಕಾಗುತ್ತದೆ. ಹೀಗಾಗಿ ಒಳಹೋಗುವ ಟಾರ್ ಮತ್ತು ವಿಷಾನಿಲ ಸಿಗರೇಟಿಗಿಂತ ಕಡಿಮೆಯೇನಲ್ಲ, ಹೆಚ್ಚೆಂದೇ ಹೇಳಬೇಕು. ಸೇದುವವರಿಗೆ ಕ್ಷಯರೋಗ ತಗಲುವ ಸಂಭವವೂ ಹೆಚ್ಚು.

ಬೀಡಿ ಬಿಟ್ಟಾಗ ನಿಕೋಟಿನ್ ಇಲ್ಲದ ಮೆದುಳು ತಕರಾರು ತೆಗೆಯುತ್ತದೆ. ಸಿಡುಕು, ನಿದ್ರೆ ಬಾರದಿರುವುದು, ತಲೆನೋವು, ಕೆಲಸದಲ್ಲಿ ಮನಸ್ಸು ನಿಲ್ಲದಿರುವುದು, ಹಸಿವು ಹೆಚ್ಚಾಗುವುದು ಇದರ ಲಕ್ಷಣಗಳು. ಮೊದಲ ವಾರದಲ್ಲಿ, ಅದರಲ್ಲಿಯೂ ಎರಡನೆಯ ಮೂರನೆಯ ದಿನಗಳಲ್ಲಿ, ಇವು ಹೆಚ್ಚು ಕಾಡುತ್ತವೆ. ಮೂರು ನಾಲ್ಕು ವಾರಗಳಲ್ಲಿ ಬಹುಮಟ್ಟಿಗೆ ಶಮನವಾಗುತ್ತವೆ. ಬೇಕೆಂಬ ತೀವ್ರ ಚಪಲ ಒಂದೊಂದು ಸಲಕ್ಕೆ ಕೆಲವು ನಿಮಿಷಗಳಷ್ಟೇ ಇರುತ್ತದೆ. ಇದನ್ನು ಮೊದಲೇ ತಿಳಿದವರು ಆ ನಿಮಿಷಗಳನ್ನು ದಾಟಿಸುತ್ತಾರೆ. ತಿಳಿಯದವರು 'ಬೀಡಿ ಬಿಟ್ಟದ್ದರಿಂದಲೇ ಮೈ ಕೆಟ್ಟಿತು' ಎಂದು ಭಾವಿಸಿ ಮತ್ತೆ ಹಚ್ಚುತ್ತಾರೆ.

ಕ್ವಿಟ್‌ಲೈನ್ ಹೇಗೆ ಕೆಲಸ ಮಾಡುತ್ತದೆ?

ಕೇಂದ್ರ ಸರ್ಕಾರವು 2016ರಲ್ಲಿ ದೆಹಲಿಯ ವಲ್ಲಭಭಾಯಿ ಪಟೇಲ್ ಎದೆರೋಗ ಸಂಸ್ಥೆಯಲ್ಲಿ ತಂಬಾಕು ಬಿಡಿಸುವ ರಾಷ್ಟ್ರೀಯ ದೂರವಾಣಿ ಸೇವೆಯನ್ನು ಆರಂಭಿಸಿತು. ಇದನ್ನು ಕ್ವಿಟ್‌ಲೈನ್ ಎನ್ನುತ್ತಾರೆ. 2018ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿಯೂ ಇದರ ಕೇಂದ್ರ ಪ್ರಾರಂಭವಾಗಿ, ಕನ್ನಡದಲ್ಲಿ ಮಾತನಾಡುವ ಅನುಕೂಲ ದೊರೆಯಿತು. ಸಂಖ್ಯೆ 1800-11-2356. ಕರೆಗೆ ಹಣ ತಗಲುವುದಿಲ್ಲ. 2018ರ ಸೆಪ್ಟೆಂಬರ್‌ನಿಂದ ಈ ಸಂಖ್ಯೆಯನ್ನು ತಂಬಾಕಿನ ಎಲ್ಲ ಪೊಟ್ಟಣಗಳ ಮೇಲೆ ಅಚ್ಚು ಹಾಕುವುದು ಕಡ್ಡಾಯವಾಯಿತು. ದಿನಕ್ಕೆ ಎರಡು ಕಟ್ಟು ಸೇದುವ ರೈತರು ದಿನಕ್ಕೆ ಹಲವು ಸಲ ಈ ಸಂಖ್ಯೆಯನ್ನು ಕೈಯಲ್ಲಿ ಹಿಡಿದಿರುತ್ತಾರೆ. ಅದು ಕಂಪನಿಯ ಸಂಖ್ಯೆಯೆಂದು ತಿಳಿದವರೂ ಉಂಟು, ಫೋನು ಮಾಡಿದರೆ ದಂಡ ಹಾಕುತ್ತಾರೆಂದು ಹೆದರಿದವರೂ ಉಂಟು. ಎರಡೂ ತಪ್ಪು ತಿಳುವಳಿಕೆ.

ಕರೆ ಮಾಡಿದಾಗ ಸಲಹೆಗಾರರು ಕೆಲವು ಪ್ರಶ್ನೆಗಳನ್ನು ಕೇಳುತ್ತಾರೆ. ದಿನಕ್ಕೆ ಎಷ್ಟು ಬೀಡಿ? ಬೆಳಿಗ್ಗೆ ಎದ್ದ ಎಷ್ಟು ಹೊತ್ತಿಗೆ ಮೊದಲನೆಯದು? ಎರಡನೆಯ ಪ್ರಶ್ನೆಗೆ ಸರಿಯಾದ ಉತ್ತರ ಕೊಡುವುದು ಬಹಳ ಮುಖ್ಯ. ಎದ್ದ ಅರ್ಧ ಗಂಟೆಯೊಳಗೆ ಸೇದುವವರಲ್ಲಿ ನಿಕೋಟಿನ್ನಿನ ಹಿಡಿತ ಬಲವಾಗಿರುತ್ತದೆ. ಅಂತಹವರಿಗೆ ಮಾತಿನ ಸಲಹೆಯ ಜೊತೆಗೆ ಔಷಧಿಯ ನೆರವೂ ಬೇಕಾಗಬಹುದು. ನಾಚಿಕೆಯಿಂದ ಲೆಕ್ಕ ಕಡಿಮೆ ಹೇಳಿದರೆ, ಬೇರೆ ಹೊಲದ ಮಣ್ಣನ್ನು ಪರೀಕ್ಷೆಗೆ ಕಳಿಸಿ ತನ್ನ ಹೊಲಕ್ಕೆ ಗೊಬ್ಬರದ ಶಿಫಾರಸು ಪಡೆದಂತಾಗುತ್ತದೆ. ನಂತರ ಬಿಡುವ ದಿನವೊಂದನ್ನು ಗೊತ್ತುಮಾಡಿ, ಆ ದಿನದ ಮುಂದೆ ಸಲಹೆಗಾರರೇ ಮತ್ತೆ ಮತ್ತೆ ಕರೆ ಮಾಡಿ ವಿಚಾರಿಸುತ್ತಾರೆ. ಗೊತ್ತಿಲ್ಲದ ಸಂಖ್ಯೆಯೆಂದು ಆ ಕರೆಗಳನ್ನು ತೆಗೆಯದಿರುವವರು ಸೇವೆಯ ಮುಖ್ಯ ಭಾಗವನ್ನೇ ಕಳೆದುಕೊಳ್ಳುತ್ತಾರೆ. ಸುಗ್ಗಿ, ಜಾತ್ರೆ, ಮನೆಯ ಮದುವೆಗಳ ಸಮಯವನ್ನು ಬಿಟ್ಟು ದಿನ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು.

ಕಿರುಸಂದೇಶಗಳಿಂದ ಪ್ರಯೋಜನವಿದೆಯೇ?

ಕ್ವಿಟ್‌ಲೈನ್ ಆರಂಭವಾದ 2016ರಲ್ಲಿಯೇ, ಮಿಸ್ಡ್ ಕಾಲ್ ಕೊಟ್ಟವರ ಫೋನಿಗೆ ಬೀಡಿ ಬಿಡುವ ಸಂದೇಶಗಳನ್ನು ಕಳಿಸುವ ಯೋಜನೆಯೂ ಆರಂಭವಾಯಿತು. ಇಂತಹ ಸಂದೇಶಗಳಿಂದ ಯಾರಾದರೂ ಬಿಟ್ಟಾರೆಯೇ ಎಂಬ ಅನುಮಾನ ಸಹಜ. ಇದನ್ನು ಬ್ರಿಟನ್ನಿನಲ್ಲಿ ಕ್ರಮಬದ್ಧವಾಗಿ ಪರೀಕ್ಷಿಸಿ 2011ರಲ್ಲಿ ಫಲಿತಾಂಶವನ್ನು ಪ್ರಕಟಿಸಲಾಯಿತು. ಬಿಡಲು ಇಚ್ಛಿಸಿದ 5,800 ಮಂದಿಯನ್ನು, ಪ್ರಯೋಗದ ತಾಕು ಮತ್ತು ಹೋಲಿಕೆಯ ತಾಕುಗಳಂತೆ, ಎರಡು ಗುಂಪುಗಳಾಗಿ ವಿಂಗಡಿಸಿದರು. ಒಂದು ಗುಂಪಿಗೆ ಮೊದಲ 5 ವಾರ ದಿನಕ್ಕೆ 5 ಸಂದೇಶ, ಅನಂತರ 26 ವಾರ ವಾರಕ್ಕೆ 3 ಸಂದೇಶ ಹೋದವು. ಚಪಲ ತಡೆಯಲಾರದಾಗ ಒಂದು ಪದ ಕಳಿಸಿದರೆ ಕೂಡಲೇ ಉತ್ತರ ಬರುವ ಏರ್ಪಾಡೂ ಇತ್ತು. ಇನ್ನೊಂದು ಗುಂಪಿಗೆ ಬೀಡಿ ಸಿಗರೇಟಿಗೆ ಸಂಬಂಧಿಸದ ಸಂದೇಶಗಳು ಹೋದವು. ಆರು ತಿಂಗಳ ನಂತರ, ಬಾಯಿಮಾತನ್ನಷ್ಟೇ ನಂಬದೆ ಪರೀಕ್ಷೆ ಮಾಡಿ ನೋಡಿದಾಗ, ಮೊದಲ ಗುಂಪಿನಲ್ಲಿ ಶೇಕಡಾ 10.7, ಎರಡನೆಯದರಲ್ಲಿ ಶೇಕಡಾ 4.9 ಮಂದಿ ಬಿಟ್ಟಿದ್ದರು.

ನೂರರಲ್ಲಿ ಹನ್ನೊಂದು ಎಂದರೆ ಅಲ್ಪವೆಂದು ತೋರಬಹುದು. ಹೋಲಿಕೆಯ ತಾಕಿನ ಇಳುವರಿಯ ಎರಡರಷ್ಟು ಎಂಬುದನ್ನು ಗಮನಿಸಿದರೆ ಅದರ ಬೆಲೆ ತಿಳಿಯುತ್ತದೆ. ಅದೇ ವೇಳೆಗೆ, ಉಳಿದ 89 ಮಂದಿ ಆ ಸಲಕ್ಕೆ ಬಿಡಲಾಗಲಿಲ್ಲ ಎಂಬುದೂ ಸತ್ಯ. ವಿಶ್ವ ಆರೋಗ್ಯ ಸಂಸ್ಥೆಯು 2024ರ ಜುಲೈನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಕಿರುಸಂದೇಶ, ಆ್ಯಪ್, ಅಂತರ್ಜಾಲದ ಸಲಹೆಗಳನ್ನು ವೈದ್ಯರ ಸಲಹೆ ಮತ್ತು ಔಷಧಿಯ ಜೊತೆಗೆ, ಅಥವಾ ಸ್ವತಃ ಬಿಡುವವರಿಗೆ ನೆರವಾಗಿ ಬಳಸಬಹುದೆಂದು ಹೇಳಿದೆ.

ಓದು ಬಂದವರಿಗೂ ಅರ್ಥವಾಗದ್ದು

ಅಕ್ಷರ ಬಲ್ಲವರಿಗೆಲ್ಲ ಆರೋಗ್ಯದ ಮಾತು ಅರ್ಥವಾಗುತ್ತದೆಂದು ತಿಳಿಯಬಾರದು. ಆರೋಗ್ಯದ ಮಾಹಿತಿಯನ್ನು ಹುಡುಕಿ, ಅರ್ಥಮಾಡಿಕೊಂಡು, ಸರಿಯೇ ತಪ್ಪೇ ತೂಗಿ, ತನ್ನ ಸ್ಥಿತಿಗೆ ಹೊಂದಿಸಿ ನಡೆಯುವ ಶಕ್ತಿಗೆ ಆರೋಗ್ಯ ಸಾಕ್ಷರತೆ ಎಂದು ಹೆಸರು. ಕೀಟನಾಶಕದ ಡಬ್ಬಿಯ ಮೇಲಿನ ಕೆಂಪು, ಹಳದಿ, ನೀಲಿ, ಹಸಿರು ಗುರುತುಗಳನ್ನು ದಿನವೂ ನೋಡಿಯೂ ಯಾವ ಬಣ್ಣಕ್ಕೆ ವಿಷ ಹೆಚ್ಚೆಂದು ಹೇಳಲಾರದವರಿದ್ದಾರೆ. ಇಲ್ಲಿಯೂ ಹಾಗೆಯೇ.

ಮೊದಲ ತೊಡಕು ಭಾಷೆಯದು. ವಿಶ್ವ ಆರೋಗ್ಯ ಸಂಸ್ಥೆಯು 2024ರ ಏಪ್ರಿಲ್‌ನಲ್ಲಿ ಕಂಪ್ಯೂಟರಿನಿಂದಲೇ ಮಾತನಾಡಿ, ತಂಬಾಕು ಬಿಡುವುದೂ ಸೇರಿ ಆರೋಗ್ಯದ ಹಲವು ವಿಷಯಗಳಲ್ಲಿ ಸಲಹೆ ಕೊಡುವ ಸಾಧನವೊಂದನ್ನು ಬಿಡುಗಡೆ ಮಾಡಿದಾಗ ಅದು ಎಂಟು ಭಾಷೆಗಳಲ್ಲಿತ್ತು. ಹಿಂದಿ ಇತ್ತು, ಕನ್ನಡ ಇರಲಿಲ್ಲ. ಆದುದರಿಂದ ಕನ್ನಡ ಮಾತ್ರ ಬಲ್ಲ ಐವತ್ತು ದಾಟಿದ ರೈತರಿಗೆ ಬಗೆಬಗೆಯ ಆ್ಯಪ್‌ಗಳಿಗಿಂತ ಮಾತನಾಡಿಸುವ ಕ್ವಿಟ್‌ಲೈನೇ ಮೇಲು.

ಎರಡನೆಯ ತೊಡಕು ಲೆಕ್ಕದ್ದು. 'ಬಿಟ್ಟ ಹತ್ತು ವರ್ಷಕ್ಕೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಸುಮಾರು ಅರ್ಧಕ್ಕಿಳಿಯುತ್ತದೆ' ಎಂಬ ಸಂದೇಶ ನಿಜವೇ. ಅರವತ್ತರ ರೈತರು ಇದನ್ನು 'ಹತ್ತು ವರ್ಷ ಯಾವ ಪ್ರಯೋಜನವೂ ಇಲ್ಲ' ಎಂದು ಅರ್ಥಮಾಡಿಕೊಂಡರೆ ಆಶ್ಚರ್ಯವಿಲ್ಲ. ಅವರಿಗೆ ಹೇಳಬೇಕಾದದ್ದು ಬೇರೆ: ಒಂದೆರಡು ದಿನಗಳಲ್ಲಿ ರಕ್ತದಲ್ಲಿನ ವಿಷಾನಿಲ ಇಳಿಯುತ್ತದೆ, ಕೆಲವು ತಿಂಗಳಲ್ಲಿ ಏರಿ ಹತ್ತುವಾಗಿನ ಏದುಸಿರು ಕಡಿಮೆಯಾಗುತ್ತದೆ, ಒಂದು ವರ್ಷಕ್ಕೆ ಸೇದುವುದರಿಂದ ಹೆಚ್ಚಿದ್ದ ಹೃದ್ರೋಗದ ಅಪಾಯ ಸುಮಾರು ಅರ್ಧವಾಗುತ್ತದೆ.

ಮೂರನೆಯದು ನಿಕೋಟಿನ್ ಗಮ್. ಔಷಧಿ ಅಂಗಡಿಯಲ್ಲಿ ದೊರೆಯುವ ಇದನ್ನು 'ಅದೂ ಅದೇ ವಿಷವಲ್ಲವೇ' ಎಂದು ಹಲವರು ದೂರವಿಡುತ್ತಾರೆ. ಹಿಂದೆ ಹೇಳಿದ ವ್ಯತ್ಯಾಸ ಇಲ್ಲಿ ನೆರವಿಗೆ ಬರುತ್ತದೆ. ಗಮ್‌ನಲ್ಲಿ ಹೊಗೆಯಿಲ್ಲ, ಟಾರ್ ಇಲ್ಲ. ಅಲ್ಪ ನಿಕೋಟಿನ್ ಕೊಟ್ಟು, ಕ್ರಮವಾಗಿ ಇಳಿಸಿ, ಕಡೆಗೆ ನಿಲ್ಲಿಸುವುದೇ ಉದ್ದೇಶ. ಕೊಂಡವರಲ್ಲಿಯೂ ಹಲವರು ಎಲೆ ಅಡಿಕೆಯಂತೆ ಜಗಿದು ರಸ ನುಂಗಿ, ಬಿಕ್ಕಳಿಕೆ, ಎದೆಯುರಿ ಬಂದು ಎಸೆಯುತ್ತಾರೆ. ನಿಧಾನವಾಗಿ ಅಗಿದು, ನಾಲಿಗೆಗೆ ಚುರುಕೆಂದ ಕೂಡಲೇ ಕೆನ್ನೆ ಮತ್ತು ಒಸಡಿನ ನಡುವೆ ಇಟ್ಟುಕೊಳ್ಳಬೇಕು. ಚುರುಕು ಇಳಿದ ಮೇಲೆ ಮತ್ತೆ ಸ್ವಲ್ಪ ಅಗಿಯಬೇಕು. ಹೀಗೆ ಅರ್ಧ ಗಂಟೆ. ಅದಕ್ಕೆ ಮೊದಲು ಕಾಲು ಗಂಟೆ ಕಾಫಿ, ಟೀ ಕುಡಿಯಬಾರದು. ಕುಡಿದರೆ ಔಷಧಿ ಬಾಯಿಯ ಒಳಚರ್ಮದ ಮೂಲಕ ಸರಿಯಾಗಿ ಹೀರಲ್ಪಡುವುದಿಲ್ಲ. ಪ್ರಮಾಣವನ್ನು ವೈದ್ಯರಿಂದ ಕೇಳಿ ತಿಳಿಯತಕ್ಕದ್ದು. ಹೃದ್ರೋಗವಿರುವವರು ಮತ್ತು ಗರ್ಭಿಣಿಯರು ವೈದ್ಯರನ್ನು ಕಾಣದೆ ಬಳಸಕೂಡದು.

ವಿಸ್ತರಣಾ ಕಾರ್ಯಕರ್ತರು ಮಾಡಬಹುದಾದದ್ದು

ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಟ್ಟರೆ ಕೆಲಸ ಮುಗಿಯಲಿಲ್ಲ. ಬೀಜೋಪಚಾರವನ್ನು ಕಲಿಸುವಾಗ ಮಾಡಿ ತೋರಿಸಿ ಮಾಡಿಸುವಂತೆ, ಇಲ್ಲಿಯೂ ಮೊದಲ ಕರೆಯನ್ನು ಎದುರಿಗೇ ಮಾಡಿಸುವುದು ಉತ್ತಮ. ಸಲಹೆಗಾರರು ಹೇಳಿದ ಮೇಲೆ 'ಅರ್ಥವಾಯಿತೇ?' ಎಂದು ಕೇಳಿದರೆ ಎಲ್ಲರೂ ಹೂಂ ಎನ್ನುತ್ತಾರೆ. ಅದರ ಬದಲು 'ಯಜಮಾನರೇ, ನಾಳೆ ಬೆಳಿಗ್ಗೆ ಎದ್ದು ಬೀಡಿ ಬೇಕು ಅನ್ನಿಸಿದಾಗ ಏನು ಮಾಡ್ತೀರಿ, ಒಂದು ಸಲ ಹೇಳಿ ನೋಡೋಣ' ಎಂದು ಅವರ ಬಾಯಿಂದಲೇ ಹೇಳಿಸಬೇಕು. ತಪ್ಪಿದ್ದರೆ ಅಲ್ಲಿಯೇ ತಿದ್ದಬಹುದು. ಸಂದೇಶಗಳನ್ನು ಓದಿ ಹೇಳುವ ಕೆಲಸವನ್ನು ಮನೆಯಲ್ಲಿ ಶಾಲೆಗೆ ಹೋಗುವ ಮಗಳಿಗೋ ಮೊಮ್ಮಗನಿಗೋ ಒಪ್ಪಿಸಬಹುದು. ಮಕ್ಕಳು ಈ ಕೆಲಸದಲ್ಲಿ ದೊಡ್ಡವರಿಗಿಂತ ಕಟ್ಟುನಿಟ್ಟು.

ಫೋನಿನಲ್ಲಿ ಬರುವುದೆಲ್ಲ ನಂಬತಕ್ಕದ್ದಲ್ಲ. ಏಳು ದಿನದಲ್ಲಿ ಬಿಡಿಸುವ ಪುಡಿ, ತಿಳಿಯದಂತೆ ಊಟದಲ್ಲಿ ಬೆರೆಸುವ ಹನಿ ಎಂದು ಹಣ ಕೇಳುವವರನ್ನು ದೂರವಿಡಬೇಕು. ಇ-ಸಿಗರೇಟಿನ ಮಾರಾಟ, ಜಾಹೀರಾತುಗಳನ್ನು ನಮ್ಮ ದೇಶದಲ್ಲಿ 2019ರ ಕಾನೂನು ನಿಷೇಧಿಸಿದೆ. ಸರ್ಕಾರದ ಕ್ವಿಟ್‌ಲೈನಿನವರು ಶುಲ್ಕವನ್ನು ಪಡೆಯುವುದಿಲ್ಲ; ಬ್ಯಾಂಕಿನ ವಿವರ, ಓಟಿಪಿ ಕೇಳಿದವರು ಬೇರೆ ಯಾರೋ ಎಂದು ತಿಳಿಯಬೇಕು.

ಬಿಟ್ಟ ಮೊದಲ ವಾರಗಳಲ್ಲಿ ಕೆಲವರಿಗೆ ಕೆಮ್ಮು ಹೆಚ್ಚಾದಂತೆ ತೋರಬಹುದು. ಶ್ವಾಸನಾಳವು ಕಫವನ್ನು ಹೊರಹಾಕಲು ತೊಡಗುವುದೇ ಇದಕ್ಕೆ ಕಾರಣ. ಆದರೆ ಎರಡು ವಾರ ಮೀರಿದ ಕೆಮ್ಮಿಗೆ, ಬಿಟ್ಟವರಿರಲಿ ಸೇದುವವರಿರಲಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕಫ ಪರೀಕ್ಷೆ ಮಾಡಿಸತಕ್ಕದ್ದು. ಕಫದಲ್ಲಿ ರಕ್ತ ಕಂಡರೆ ಎರಡು ವಾರ ಕಾಯಬಾರದು, ಅಂದೇ ಹೋಗಬೇಕು.

ಬಿಟ್ಟವರು ಎಲ್ಲೋ ಒಂದು ದಿನ, ಕಣದಲ್ಲಿ ಸ್ನೇಹಿತರ ಜೊತೆ ಒಂದು ಬೀಡಿ ಸೇದಿಬಿಡಬಹುದು. ಆಗ ಕಟ್ಟು ಕೊಳ್ಳದೆ, ಮರುದಿನವೇ ಅದೇ ಸಂಖ್ಯೆಗೆ ಕರೆ ಮಾಡಿ ನಡೆದದ್ದನ್ನು ಹೇಳಬೇಕು. ಸಲಹೆಗಾರರು ಬೈಯುವುದಿಲ್ಲ, ಯಾವ ಹೊತ್ತಿನಲ್ಲಿ, ಯಾರ ಜೊತೆಯಲ್ಲಿ ಸೇದಿದ್ದೆಂದು ಕೇಳಿ, ಬೇಕಾದರೆ ಹೊಸ ದಿನ ಗೊತ್ತುಮಾಡುತ್ತಾರೆ. ಬಿಟ್ಟವರಲ್ಲಿ ಬಹು ಮಂದಿ ಮೊದಲನೆಯ ಪ್ರಯತ್ನದಲ್ಲಿ ಬಿಟ್ಟವರಲ್ಲ. ಫೋನಿನಲ್ಲಿ ಆಗದಿದ್ದರೆ ಜಿಲ್ಲಾ ಆಸ್ಪತ್ರೆಯಲ್ಲಿ ತಂಬಾಕು ವ್ಯಸನ ಬಿಡಿಸುವ ಕೇಂದ್ರವನ್ನು ವಿಚಾರಿಸಬಹುದು. ಹೋಗುವಾಗ ದಿನಕ್ಕೆ ಎಷ್ಟು ಬೀಡಿ, ಎಷ್ಟು ವರ್ಷದಿಂದ, ಹಿಂದೆ ಎಷ್ಟು ಸಲ ಬಿಟ್ಟು ಮತ್ತೆ ಹಚ್ಚಿದ್ದು, ಈಗ ತೆಗೆದುಕೊಳ್ಳುತ್ತಿರುವ ಔಷಧಿಗಳು ಯಾವುವು ಎಂಬುದನ್ನು ಬರೆದುಕೊಂಡು ಹೋಗಬೇಕು.